ಕೇಳಿ ಕೊಂಡ ಪೆಟ್ಟಿಗೆ

ಹಳೆಯ ಪುಸ್ತಕಗಳನ್ನು ಕೊಳ್ಳುವ ವಿದ್ಯೆಯಲ್ಲಿ ನಾನು ಪಳಗಿದವನೆಂದು ಹೇಳಿಕೊಂಡರೆ ಅದು ಆತ್ಮಸ್ತುತಿಯಾಗಲಾರದು. ವಿದ್ಯಾರ್ಥಿದೆಸೆಯಲ್ಲಿ ಬೆಂಗಳೂರಿನ ಅವೆನ್ಯೂ ರಸ್ತೆಯ ಅಂಚಿನಲ್ಲಿ ಕುಕ್ಕುರುಗಾಲಿನಲ್ಲಿ ಕುಳಿತು ಕಳೆದ ದಿನಗಳಿಗೆ ಲೆಕ್ಕವಿಲ್ಲ. ಹಳೆಯ ಪುಸ್ತಕದ ದೊಡ್ಡ ಗುಣವೆಂದರೆ ಅದು ತನ್ನ ದೋಷವನ್ನು ಮುಚ್ಚಿಡುವುದಿಲ್ಲ. ಹುಳು ಕೊರೆದ ತೂತು ಮೊದಲ ಪುಟದಿಂದ ಕೊನೆಯ ಪುಟದವರೆಗೆ ನೇರವಾಗಿ ಕಾಣುತ್ತದೆ. ಹಾಳೆ ಹರಿದುಹೋಗಿದ್ದರೆ ಪುಟದ ಸಂಖ್ಯೆಯೇ ಸಾಕ್ಷಿ ನುಡಿಯುತ್ತದೆ. ಹಿಂದಿನ ಯಜಮಾನನು ಎಲ್ಲಿಯವರೆಗೆ ಓದಿದನು, ಎಲ್ಲಿ ಬೇಸತ್ತು ಬಿಟ್ಟನು ಎಂಬುದು ಕೂಡ ಪೆನ್ಸಿಲಿನ ಗೆರೆಗಳಿಂದ ತಿಳಿಯುತ್ತದೆ. ಇಷ್ಟು ಪ್ರಾಮಾಣಿಕವಾದ ಸರಕು ಬೇರೊಂದಿಲ್ಲ. ಆ ಅನುಭವದ ಬಲದಿಂದಲೇ ಕಳೆದ ವರ್ಷ ನಾನು ಒಂದು ಬಳಸಿದ ಹೋಂ ಥಿಯೇಟರ್ ರಿಸೀವರನ್ನು ಕೊಳ್ಳಲು ಹೊರಟೆ. ಹಳೆಯದನ್ನು ಆರಿಸುವುದರಲ್ಲಿ ನಾನು ಸೋಲುವುದುಂಟೆ ಎಂಬ ಧೈರ್ಯ. ಆ ಧೈರ್ಯ ಎರಡು ವಾರ ಬಾಳಿತು.

ರಿಸೀವರ್ ಎಂಬುದು ಒಂದು ಕರಿಯ ಪೆಟ್ಟಿಗೆ. ಹಿಂದೆ ರೇಡಿಯೋ ಹಿಡಿಯುವ ಯಂತ್ರವನ್ನೂ ಧ್ವನಿಯನ್ನು ಹಿಗ್ಗಿಸುವ ಆಂಪ್ಲಿಫೈಯರನ್ನೂ ಒಂದೇ ಪೆಟ್ಟಿಗೆಯಲ್ಲಿ ಅಳವಡಿಸಿದಾಗ ಈ ಹೆಸರು ಬಂದಿತು. ಈಗ ಅದರಿಂದ ರೇಡಿಯೋ ಕೇಳುವವರು ವಿರಳ; ಆದರೂ ಕುದುರೆ ಹೋದ ಮೇಲೆಯೂ ಲಾಯವೆಂಬ ಹೆಸರು ಉಳಿಯುವಂತೆ ಹೆಸರು ಉಳಿದುಕೊಂಡಿದೆ. ಚಲನಚಿತ್ರದ ಧ್ವನಿಯನ್ನು ಬಿಡಿಸಿ, ಎಡ, ಬಲ, ನಡು, ಹಿಂಬದಿ ಎಂದು ಪಾಲು ಹಂಚಿ, ಒಂದೊಂದು ಪಾಲನ್ನೂ ಹಿಗ್ಗಿಸಿ, ಅದರದರ ಸ್ಪೀಕರಿಗೆ ಕಳುಹಿಸುವುದು ಇದರ ಕೆಲಸ. ಅವಿಭಕ್ತ ಕುಟುಂಬದ ಆಸ್ತಿಯನ್ನು ವಿಭಾಗಿಸಿಕೊಡುವ ಪಂಚಾಯಿತಿದಾರನೆಂದರೂ ಸಲ್ಲುತ್ತದೆ. ಆದರೆ ಪುಸ್ತಕದಂತೆ ಇದನ್ನು ತೆರೆದು ನೋಡುವಂತಿಲ್ಲ. ಮುಂಭಾಗದಲ್ಲಿ ಎರಡು ಗುಂಡಿಗಳು, ಹಿಂಭಾಗದಲ್ಲಿ ಜೇನುಗೂಡಿನಂತೆ ತೂತುಗಳು; ಒಳಗಿನ ಹುಳುಕು ಹೊರಗೆ ಕಾಣುವುದೇ ಇಲ್ಲ.

ಇದರ ಆಸೆ ನಮ್ಮ ಮನೆಯಲ್ಲಿ ಹುಟ್ಟಿದ ಬಗೆ ಹೀಗೆ. ಗೋಡೆಯ ಮೇಲಿನ ಟೆಲಿವಿಷನ್ ಪಂಚಾಂಗದಷ್ಟು ತೆಳ್ಳಗಿದೆ. ಚಿತ್ರವೇನೋ ದೊಡ್ಡದು, ಧ್ವನಿ ಮಾತ್ರ ಹಿಂಬದಿಯ ಪುಟ್ಟ ಸ್ಪೀಕರುಗಳಿಂದ ಹೊರಟು, ನೆಲಕ್ಕೂ ಗೋಡೆಗೂ ತಾಗಿ, ಸುತ್ತಿ ಬಳಸಿ ನಮ್ಮನ್ನು ಸೇರಬೇಕು. ಭಾನುವಾರ ಸಂಜೆ ಎಲ್ಲರೂ ಕೂಡಿ ಚಲನಚಿತ್ರ ನೋಡುವುದು ನಮ್ಮ ಮನೆಯ ಪದ್ಧತಿ. ನನ್ನ ಮಡದಿಗೆ ಚಿತ್ರಮಂದಿರದಂಥ ಧ್ವನಿ ಬೇಕೆಂದು ಆಸೆ. ಎಂಟು ವರ್ಷದ ಮಗಳಿಗೆ ಮನೆ ನಡುಗಿದರೆ ಸಾಕು. ನನಗೋ ಸಂಗೀತದ ಹುಚ್ಚು. ನಮ್ಮ ತಂದೆಯವರು ಶಾಲೆಯ ಉಪಾಧ್ಯಾಯರಾಗಿದ್ದಾಗ ಹೊಟ್ಟೆ ಬಟ್ಟೆ ಕಟ್ಟಿ ಕೊಂಡ ಗ್ರಾಮಫೋನ್ ರೆಕಾರ್ಡುಗಳು ನಲವತ್ತರಷ್ಟು ಬೀರುವಿನಲ್ಲಿವೆ. ಮಲ್ಲಿಕಾರ್ಜುನ ಮನಸೂರರೂ ಗಂಗೂಬಾಯಿ ಹಾನಗಲ್ಲರೂ ಅಲ್ಲಿ ಮೌನವ್ರತದಲ್ಲಿದ್ದಾರೆ. ಅವರನ್ನು ಮತ್ತೆ ಹಾಡಿಸಬೇಕೆಂಬುದು ನನ್ನ ಸಂಕಲ್ಪ. ಹೊಸ ರಿಸೀವರಿನ ಬೆಲೆ ಕೇಳಿದಾಗ ಸಂಕಲ್ಪ ಸ್ವಲ್ಪ ಕುಗ್ಗಿತು. ಬಳಸಿದ ರಿಸೀವರಾದರೆ ಕಾಲುಭಾಗದ ಬೆಲೆಗೆ ಸಿಕ್ಕೀತೆಂದು ಗೊತ್ತಾದಾಗ ಪುನಃ ಚಿಗುರಿತು. ತಂದೆಯವರ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ. ಅವರಿಗೆ ಚಲನಚಿತ್ರದಲ್ಲಿ ಆಸಕ್ತಿಯಿಲ್ಲವೆಂದು ನಾವೆಲ್ಲರೂ ತೀರ್ಮಾನಿಸಿಬಿಟ್ಟಿದ್ದೆವು. ಚಿತ್ರ ಆರಂಭವಾದ ಹತ್ತು ನಿಮಿಷಕ್ಕೆ ಅವರು ಎದ್ದು ತಮ್ಮ ಕೋಣೆಗೆ ಹೋಗುವುದನ್ನು ವರ್ಷದಿಂದ ನೋಡುತ್ತಿದ್ದೆವಲ್ಲ!

ನನಗೆ ಗುರುವಾಗಿ ದೊರೆತವರು ನಮ್ಮ ಕಾಲೇಜಿನ ಭೌತಶಾಸ್ತ್ರದ ಮಿತ್ರರು. ಮೊದಲ ದಿನ ನಾನು ಒಂದು ಜಾಹೀರಾತನ್ನು ತೋರಿಸಿ, “ಇದು ನೂರು ವ್ಯಾಟಿನ ಯಂತ್ರವಂತೆ. ಇನ್ನೊಂದು ನೂರೈವತ್ತು. ನೂರೈವತ್ತೇ ಮೇಲಲ್ಲವೆ?” ಎಂದೆ. ಅವರು ನಕ್ಕು, “ನಿಮ್ಮ ವಿದ್ಯಾರ್ಥಿ ನೂರಕ್ಕೆ ನೂರು ಅಂಕ ಬಂದಿದೆ ಎಂದರೆ ನೀವು ಮೊದಲು ಏನು ಕೇಳುತ್ತೀರಿ?” ಎಂದರು. “ಯಾವ ಪರೀಕ್ಷೆಯಲ್ಲಿ ಎಂದು ಕೇಳುತ್ತೇನೆ.” “ಇಲ್ಲಿಯೂ ಅದನ್ನೇ ಕೇಳಬೇಕು.”

ಅವರು ಬಿಡಿಸಿ ಹೇಳಿದ್ದರ ಸಾರ ಇದು. ಒಂದೇ ಸ್ಪೀಕರನ್ನು ಹಾಡಿಸಿ, ಒಂದೇ ಸ್ಥಾಯಿಯ ನಾದವನ್ನು ಕೊಟ್ಟು, ಧ್ವನಿ ಒಡೆಯುವವರೆಗೂ ಏರಿಸಿ ಅಳೆದರೆ ವ್ಯಾಟಿನ ಸಂಖ್ಯೆ ಉಬ್ಬುತ್ತದೆ. ಎರಡು ಸ್ಪೀಕರುಗಳನ್ನೂ ಒಟ್ಟಿಗೆ ಹಾಡಿಸಿ, ೨೦ ಹರ್ಟ್ಸ್‌ನಿಂದ ೨೦,೦೦೦ ಹರ್ಟ್ಸ್‌ವರೆಗಿನ ಇಡೀ ಹರಹಿನಲ್ಲಿ, ಧ್ವನಿ ಕೆಡದಂತೆ ಅಳೆದರೆ ಅದೇ ಯಂತ್ರದ ಸಂಖ್ಯೆ ಇಳಿಯುತ್ತದೆ. ಏಳು ಸ್ಪೀಕರುಗಳೂ ಒಮ್ಮೆಗೆ ಹಾಡಿದರೆ ಮತ್ತಷ್ಟು ಇಳಿಯುತ್ತದೆ. ಅಷ್ಟೇ ಅಲ್ಲ, ವ್ಯಾಟು ಇಮ್ಮಡಿಯಾದರೆ ಧ್ವನಿ ಇಮ್ಮಡಿಯಾಗುವುದಿಲ್ಲ, ಕೇವಲ ೩ ಡೆಸಿಬಲ್ ಏರುತ್ತದೆ. ಸದ್ದು ಇಮ್ಮಡಿಯಾಯಿತೆಂದು ಕಿವಿಗೆ ತೋರಬೇಕಾದರೆ ಸುಮಾರು ೧೦ ಡೆಸಿಬಲ್ ಏರಬೇಕು. ಅದಕ್ಕೆ ಹತ್ತುಪಟ್ಟು ವ್ಯಾಟು ಬೇಕು. ಆದ್ದರಿಂದ ನೂರಕ್ಕೂ ನೂರೈವತ್ತಕ್ಕೂ ಇರುವ ಭೇದವು ಕಾಗದದ ಮೇಲೆ ದೊಡ್ಡದು, ಕಿವಿಯಲ್ಲಿ ಬಹಳ ಚಿಕ್ಕದು. ನಮ್ಮ ಮನೆಯಂಥ ಹನ್ನೆರಡು ಅಡಿ, ಹದಿನಾಲ್ಕು ಅಡಿಯ ಪಡಸಾಲೆಯಲ್ಲಿ ಸಾಮಾನ್ಯವಾಗಿ ಕೇಳುವಾಗ ಕೆಲವೇ ವ್ಯಾಟುಗಳು ಖರ್ಚಾಗುತ್ತವೆ. “ಸಂಖ್ಯೆಯನ್ನು ಓದುವುದಕ್ಕಿಂತ ಪೆಟ್ಟಿಗೆಯನ್ನು ಎತ್ತಿ ನೋಡಿ. ಒಳಗಿನ ಟ್ರಾನ್ಸ್‌ಫಾರ್ಮರು ದೊಡ್ಡದಾಗಿದ್ದರೆ ತೂಕವೇ ಹೇಳುತ್ತದೆ,” ಎಂದರು.

ಎರಡನೆಯ ಪಾಠ ವಯಸ್ಸಿನದು. ಧ್ವನಿಯನ್ನು ಹಿಗ್ಗಿಸುವ ವಿದ್ಯೆಗೆ ಬೇಗ ಮುಪ್ಪು ಬರುವುದಿಲ್ಲ. ಹದಿನೈದು ವರ್ಷ ಹಳೆಯ ಆಂಪ್ಲಿಫೈಯರ್ ಇಂದಿಗೂ ಚೆನ್ನಾಗಿ ಹಾಡೀತು. ಆದರೆ ಚಿತ್ರವನ್ನು ಸಾಗಿಸುವ ಎಚ್.ಡಿ.ಎಂ.ಐ. ಎಂಬ ಸಂಪರ್ಕಕ್ಕೆ ಮೂರು ನಾಲ್ಕು ವರ್ಷಗಳಿಗೊಮ್ಮೆ ಹೊಸ ಅವತಾರ. ಟೆಲಿವಿಷನ್ನಿನ ಧ್ವನಿಯು ಅದೇ ತಂತಿಯಲ್ಲಿ ರಿಸೀವರಿಗೆ ಹಿಂದಿರುಗುವ ಅನುಕೂಲ ೨೦೦೯ರ ಅವತಾರದಲ್ಲಿ ಬಂದಿತು. ಸೆಕೆಂಡಿಗೆ ಅರವತ್ತು ಚೌಕಟ್ಟಿನ ಫೋರ್-ಕೆ ಚಿತ್ರ ೨೦೧೩ರ ಅವತಾರದಲ್ಲಿ. ಮೇಲ್ಛಾವಣಿಯಿಂದಲೂ ಧ್ವನಿ ಬರಿಸುವ ಡಾಲ್ಬಿ ಆಟ್ಮೋಸ್ ಮನೆಯ ರಿಸೀವರುಗಳಿಗೆ ಬಂದದ್ದು ೨೦೧೪ರಲ್ಲಿ. ಕಳ್ಳಪ್ರತಿಯನ್ನು ತಡೆಯುವ ಹೊಸ ಬೀಗದ ಕೈ ಇಲ್ಲದ ಹಳೆಯ ಯಂತ್ರದ ಮೂಲಕ ಫೋರ್-ಕೆ ಚಿತ್ರ ಹಾಯುವುದೇ ಇಲ್ಲ. ಈ ಕಾರಣದಿಂದ ಕುತ್ತಿಗೆ ಗಟ್ಟಿಯಾಗಿರುವ ಗಾಯಕನನ್ನು ಅಂಗಿ ಹಳೆಯದೆಂದು ಸಭೆಯಿಂದ ಹೊರಗೆ ಕಳುಹಿಸಿದಂತೆ, ಒಳ್ಳೆಯ ರಿಸೀವರುಗಳು ಅಗ್ಗವಾಗಿ ಮಾರಾಟಕ್ಕೆ ಬರುತ್ತವೆ. ನಮ್ಮಂಥವರಿಗೆ ಇದೇ ಸುಸಂಧಿ. ಚಿತ್ರವನ್ನು ನೇರವಾಗಿ ಟೆಲಿವಿಷನ್ನಿಗೆ ಕೊಟ್ಟು, ಧ್ವನಿಯನ್ನು ಮಾತ್ರ ಅಲ್ಲಿಂದ ರಿಸೀವರಿಗೆ ತಂದುಕೊಂಡರೆ ಅಂಗಿಯ ಗೊಡವೆಯೇ ಇಲ್ಲ.

ಇಷ್ಟು ವಿದ್ಯೆ ಸಂಪಾದಿಸಿ ಮೈಸೂರಿನಿಂದ ಬೆಂಗಳೂರಿಗೆ ಹೊರಟೆ. ಅಲ್ಲಿ ಮೊದಲು ಕಂಡದ್ದು ಅಮೆರಿಕದಿಂದ ಸಂಸಾರ ಸಮೇತ ಹಿಂದಿರುಗಿದ್ದ ಒಬ್ಬ ಸಜ್ಜನರ ಯಂತ್ರ. ಕನ್ನಡಿಯಂತೆ ಹೊಳೆಯುತ್ತಿತ್ತು, ಬೆಲೆಯೂ ನ್ಯಾಯವಾಗಿತ್ತು. ಹಣ ತೆಗೆಯುವುದರಲ್ಲಿದ್ದವನು, ಗುರುಗಳು ಹೇಳಿದ್ದು ನೆನಪಾಗಿ, ಬೆನ್ನಿನ ಮೇಲಿನ ಚೀಟಿಯನ್ನು ಓದಿದೆ: ೧೨೦ ವೋಲ್ಟ್, ೬೦ ಹರ್ಟ್ಸ್. ನಮ್ಮ ಗೋಡೆಯಿಂದ ಬರುವುದು ೨೩೦ ವೋಲ್ಟ್, ೫೦ ಹರ್ಟ್ಸ್. ನೇರವಾಗಿ ಚುಚ್ಚಿದ್ದರೆ ಸಂಗೀತಕ್ಕೆ ಮೊದಲೇ ಮಂಗಳಾರತಿಯಾಗುತ್ತಿತ್ತು. ಅದನ್ನು ಬಳಸಬೇಕಾದರೆ ವೋಲ್ಟೇಜ್ ಇಳಿಸುವ ದೊಡ್ಡದೊಂದು ಟ್ರಾನ್ಸ್‌ಫಾರ್ಮರನ್ನು ಜೊತೆಯಲ್ಲಿಯೇ ಸಾಕಬೇಕು. ಆ ಸಜ್ಜನರು ಮುಚ್ಚಿಡುವವರಾಗಿರಲಿಲ್ಲ. “ನೀವು ಕೇಳಲಿಲ್ಲ, ಆದ್ದರಿಂದ ಹೇಳಲಿಲ್ಲ,” ಎಂದರು. ನಾನು ಕೈಮುಗಿದು ಹೊರಟೆ.

ಎರಡನೆಯದು ಗಲ್ಲಿಯೊಳಗಿನ ಒಂದು ಅಂಗಡಿ. ಅಂಗಡಿಯಾತನು ನನ್ನನ್ನು ನಡುವೆ ಕೂರಿಸಿ ಯುದ್ಧದ ಚಿತ್ರವೊಂದನ್ನು ಹಾಕಿದನು. ಹೆಲಿಕಾಪ್ಟರ್ ತಲೆಯ ಮೇಲೆ ಹಾರಿತು. ಎಡಕ್ಕೆ ಬಾಂಬು ಬಿತ್ತು. ಎದುರಿನ ಅಂಗಡಿಯ ಗಾಜು ಕೂಡ ಅದರುವಂತಾಯಿತು. ಹೆದರಿಕೆಯಿಂದಲೋ ಮೆಚ್ಚುಗೆಯಿಂದಲೋ ನಾನು ತಲೆದೂಗಿದೆ. ಧ್ವನಿಯನ್ನು ತಗ್ಗಿಸಲು ಬೇಡಿಕೊಂಡು, ಒಂದೊಂದು ಸ್ಪೀಕರನ್ನೂ ಬಿಡಿಬಿಡಿಯಾಗಿ ಹಾಡಿಸಿ ತೋರಿಸಿರೆಂದಾಗ ಅವನ ಮುಖ ಸಣ್ಣಗಾಯಿತು. ನಡುವಣ ಸ್ಪೀಕರಿನಲ್ಲಿ ಉಸಿರೇ ಇರಲಿಲ್ಲ. ಒಳಗೆ ‘ಟಕ್’ ಎಂದು ರಿಲೇ ಬಿದ್ದ ಸದ್ದು, ಆಮೇಲೆ ನಿಶ್ಶಬ್ದ. ಗದ್ದಲದಲ್ಲಿ ಒಬ್ಬನು ಮೂಕನಾಗಿದ್ದರೆ ಯಾರಿಗೂ ತಿಳಿಯುವುದಿಲ್ಲವೆಂಬುದು ನನಗೆ ತರಗತಿಯಲ್ಲಿ ಗೊತ್ತಿದ್ದ ವಿಷಯವೇ, ಇಲ್ಲಿ ಮರೆತಿದ್ದೆ. ಅದನ್ನು ಮನೆಯ ವಿಷಯದಲ್ಲಿಯೂ ಮರೆತಿದ್ದೇನೆಂದು ಆಗ ಹೊಳೆಯಲಿಲ್ಲ.

ಮೂರನೆಯದನ್ನು ನೋಡಿದಾಗ ಮನಸ್ಸು ಸೋತಿತು. ಅದರಲ್ಲಿ ರೆಕಾರ್ಡ್ ಪ್ಲೇಯರನ್ನು ನೇರವಾಗಿ ಜೋಡಿಸುವ ಫೋನೋ ಗೂಡು ಇತ್ತು. ಎರಡು ಸ್ಪೀಕರುಗಳಲ್ಲಿ ಹಾಡಿಸಿದಾಗ ತಂಬೂರಿಯ ತಂತಿಯನ್ನು ಬೆರಳಿನಿಂದ ಮುಟ್ಟಿದಂತಿತ್ತು. ನಡುವಣ ಸ್ಪೀಕರಿನ ಹಾದಿ ಕೆಟ್ಟಿದೆಯೆಂದು ಮಾರುವವರೇ ಹೇಳಿ ಬೆಲೆಯನ್ನು ತಗ್ಗಿಸಿದ್ದರು. ಸಂಗೀತಕ್ಕೆ ಎರಡೇ ಸಾಕಲ್ಲ! ನಾಳೆ ಹಣ ಕಳುಹಿಸುವೆನೆಂದು ಹೇಳಿ ಊರಿಗೆ ಮರಳಿದೆ.

ರಾತ್ರಿ ಊಟದ ಹೊತ್ತಿನಲ್ಲಿ ನನ್ನ ದಿಗ್ವಿಜಯದ ವರದಿ ನಡೆಯಿತು. ವ್ಯಾಟು, ವೋಲ್ಟು, ಎಚ್.ಡಿ.ಎಂ.ಐ. ಎಲ್ಲವನ್ನೂ ವಿವರಿಸಿದೆ. ಮಡದಿ, “ಹಾಗಾದರೆ ಚಿತ್ರದ ಮಾತು?” ಎಂದಳು. “ಮಾತು ಎರಡು ಸ್ಪೀಕರುಗಳಲ್ಲಿಯೂ ಹಂಚಿಕೊಂಡು ಬರುತ್ತದೆ,” ಎಂದೆ. ಆಗ ಮಗಳು ತಲೆಯೆತ್ತದೆ, ಅನ್ನ ಕಲಸುತ್ತ, “ಮಾತು ಚೆನ್ನಾಗಿ ಬಂದರೆ ನಾನು ತಾತನಿಗೆ ಕಥೆ ಹೇಳುವ ಹಾಗಿಲ್ಲ,” ಎಂದಳು.

“ಯಾವ ಕಥೆ?”

“ಭಾನುವಾರದ್ದು. ಸಿನಿಮಾ ಮುಗಿದ ಮೇಲೆ ತಾತ ಕೇಳುತ್ತಾರೆ, ಯಾರು ಏನಂದರು ಅಂತ. ನಾನು ಹೇಳುತ್ತೇನೆ.”

ತಂದೆಯವರು ಮಜ್ಜಿಗೆಯ ಲೋಟವನ್ನು ಕೈಗೆತ್ತಿಕೊಂಡರು. ಏನೂ ಹೇಳಲಿಲ್ಲ. ಮಗಳ ಮಾತು ಅವರಿಗೆ ಕೇಳಿಸಿತೋ ಇಲ್ಲವೋ ಎಂಬ ಪ್ರಶ್ನೆ ಆ ಕ್ಷಣದಲ್ಲಿ ನನಗೆ ಮೊದಲ ಬಾರಿಗೆ ಎದ್ದಿತು. ಊಟವಾದ ಮೇಲೆ ಅವರ ಕೋಣೆಗೆ ಹೋಗಿ, ಹತ್ತಿರ ಕುಳಿತು, ಕೇಳಿದೆ. ಅವರು ಕನ್ನಡಕವನ್ನು ಒರೆಸುತ್ತ, “ಸದ್ದು ಕೇಳುತ್ತದಪ್ಪ. ಮಾತು ಕೇಳುವುದಿಲ್ಲ. ಪದೇ ಪದೇ ಏನು ಏನು ಎಂದರೆ ನಿಮಗೆಲ್ಲ ರಸಭಂಗ,” ಎಂದರು. ಅಷ್ಟೇ. ಮೂವತ್ತು ವರ್ಷ ತರಗತಿಯ ಕೊನೆಯ ಬೆಂಚಿನ ಹುಡುಗನಿಗೆ ಕೇಳುವಂತೆ ಪಾಠ ಹೇಳಿದವರು, ತಮ್ಮ ಮನೆಯ ಪಡಸಾಲೆಯಲ್ಲಿ ತಾವೇ ಕೊನೆಯ ಬೆಂಚಿಗೆ ಹೋಗಿ, ಅಲ್ಲಿಂದಲೂ ಎದ್ದು ಹೊರನಡೆದಿದ್ದರು. ಮರುದಿನ ನಾನು ಹಣ ಕಳುಹಿಸಲಿಲ್ಲ.

ಮೈಸೂರಿನಲ್ಲಿರುವವರಿಗೆ ಒಂದು ಭಾಗ್ಯವುಂಟು. ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮಾನಸಗಂಗೋತ್ರಿಯಲ್ಲಿಯೇ ಇದೆ. ತಂದೆಯವರನ್ನು ಅಲ್ಲಿಗೆ ಕರೆದುಕೊಂಡು ಹೋದೆ. ಸದ್ದು ಹಾಯದ ಕೋಣೆಯೊಳಗೆ ಅವರನ್ನು ಕೂರಿಸಿ ಒಂದೊಂದು ಸ್ಥಾಯಿಯ ನಾದವನ್ನೂ ಕೇಳಿಸಿ ನಕ್ಷೆ ಬರೆದರು. ನಕ್ಷೆಯ ಗೆರೆ ಎಡಗಡೆ ಸಮತಲವಾಗಿದ್ದು, ಬಲಗಡೆಗೆ ಚಾಮುಂಡಿಬೆಟ್ಟದ ಇಳಿಜಾರಿನಂತೆ ಇಳಿದಿತ್ತು. ವಯಸ್ಸಿನಿಂದ ಬರುವ ಕಿವುಡು ಮೊದಲು ಎತ್ತರದ ಸ್ಥಾಯಿಗಳನ್ನು ಕದಿಯುತ್ತದೆಯಂತೆ. ಸ್ವರಗಳ ಬಲವೆಲ್ಲ ಬಹುಮಟ್ಟಿಗೆ ಕೆಳಗಿನ ಸ್ಥಾಯಿಯಲ್ಲಿರುವುದರಿಂದ ಅವು ಕೇಳುತ್ತವೆ. ಸಕಾರ, ಶಕಾರ, ತಕಾರಗಳಂಥ ವ್ಯಂಜನಗಳ ಗುರುತು ಸುಮಾರು ೨,೦೦೦ ಹರ್ಟ್ಸ್‌ಗಿಂತ ಮೇಲೆ ಇರುವುದರಿಂದ ಅವು ಜಾರಿಹೋಗುತ್ತವೆ. ಹಿನ್ನೆಲೆಯಲ್ಲಿ ಸಂಗೀತವೋ ಮಳೆಯ ಸದ್ದೋ ಇದ್ದರಂತೂ ಉಳಿದದ್ದೂ ಮುಚ್ಚಿಹೋಗುತ್ತದೆ.

ಸ್ವರ, ವ್ಯಂಜನ! ಪ್ರತಿವರ್ಷ ಕೇಶಿರಾಜನ ವ್ಯಾಕರಣವನ್ನು ಮುಂದಿಟ್ಟುಕೊಂಡು ನಾನು ಪಾಠ ಹೇಳುವ ವಿಷಯವೇ ಇದು. ಸ್ವರವು ತಾನೇ ನಿಲ್ಲಬಲ್ಲದು, ವ್ಯಂಜನಕ್ಕೆ ಸ್ವರದ ಆಸರೆ ಬೇಕು ಎಂದು ಹಲಗೆಯ ಮೇಲೆ ಬರೆಯುತ್ತೇನೆ. ಕಿವಿ ಸೋತ ಮನುಷ್ಯನಿಗೆ ನಿಲ್ಲುವ ಸ್ವರ ದೊರೆತರೂ ಅರ್ಥ ದೊರೆಯುವುದಿಲ್ಲ. ‘ಕಾಸು’ ಎಂದರೋ ‘ಕಾಪು’ ಎಂದರೋ ಅವನು ಊಹಿಸಬೇಕು ಎಂಬುದನ್ನು ಯಾವ ಸೂತ್ರವೂ ನನಗೆ ಕಲಿಸಿರಲಿಲ್ಲ. ವ್ಯಂಜನವೆಂದರೆ ಅನ್ನದ ಜೊತೆಗೆ ನೆಂಚಿಕೊಳ್ಳುವ ಪದಾರ್ಥವೂ ಹೌದು. ತಂದೆಯವರು ಒಂದು ವರ್ಷದಿಂದ ಬರಿಯ ಅನ್ನವನ್ನು ಉಣ್ಣುತ್ತಿದ್ದರು. ನಾನು ಊಟದ ತಟ್ಟೆ ಬೆಳ್ಳಿಯದೋ ಚಿನ್ನದ್ದೋ ಎಂದು ವಿಚಾರಿಸುತ್ತ ಅಲೆಯುತ್ತಿದ್ದೆ.

ಶ್ರವಣಯಂತ್ರಕ್ಕೆ ಅಳತೆ ಕೊಟ್ಟು ಬಂದೆವು. ಮೊದಮೊದಲು ತಂದೆಯವರು ಒಪ್ಪಲಿಲ್ಲ. ಕನ್ನಡಕವನ್ನು ಧರಿಸಿದವರು ಇದಕ್ಕೇಕೆ ನಾಚಬೇಕೆಂದು ಸೊಸೆ ಕೇಳಿದ ಮೇಲೆ ಒಪ್ಪಿದರು. ಆದರೆ ಅದೊಂದರಿಂದಲೇ ಚಲನಚಿತ್ರದ ಮಾತು ಸ್ಪಷ್ಟವಾಗಲಾರದು, ಮಾತನ್ನು ಹಿನ್ನೆಲೆಯಿಂದ ಬೇರ್ಪಡಿಸಿ ಕೇಳಿಸಿದರೆ ಸಹಾಯವಾಗುತ್ತದೆ ಎಂದು ಅಲ್ಲಿ ಹೇಳಿದರು. ಆ ಮಾತು ಹಿಡಿದು ಮತ್ತೆ ಭೌತಶಾಸ್ತ್ರದ ಮಿತ್ರರಲ್ಲಿಗೆ ಹೋದೆ. “ಈಗ ಸರಿಯಾದ ಪ್ರಶ್ನೆ ಕೇಳಿದಿರಿ. ನಿಮಗೆ ಬೇಕಾದದ್ದು ನಡುವಣ ಸ್ಪೀಕರು,” ಎಂದರು.

ನಡುವಣ ಸ್ಪೀಕರಿನ ಕಲ್ಪನೆ ಹೊಸದೇನೂ ಅಲ್ಲವಂತೆ. ೧೯೩೩ರ ಏಪ್ರಿಲಿನಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದವರು ಫಿಲಡೆಲ್ಫಿಯದ ವಾದ್ಯವೃಂದವನ್ನು ತಂತಿಯ ಮೂಲಕ ವಾಷಿಂಗ್ಟನ್ನಿನ ಸಭೆಗೆ ಕೇಳಿಸಿದಾಗ ಮೂರು ಮೈಕುಗಳನ್ನೂ ಮೂರು ಸ್ಪೀಕರುಗಳನ್ನೂ ಬಳಸಿದ್ದರು: ಎಡ, ನಡು, ಬಲ. ಮುಂದೆ ಚಲನಚಿತ್ರದವರು ಸಂಭಾಷಣೆಯನ್ನು ಬಹುಮಟ್ಟಿಗೆ ನಡುವಿನ ಪಾಲಿಗೇ ಒಪ್ಪಿಸಿದರು. ಯಾವ ಮೂಲೆಯಲ್ಲಿ ಕುಳಿತವನಿಗೂ ಮಾತು ಪರದೆಯಿಂದಲೇ ಬರಬೇಕಲ್ಲವೆ! ಈ ಪಾಲು ಹಂಚುವ ವಿದ್ಯೆಯೊಡನೆ ಹೆಸರು ಬೆರೆತುಹೋಗಿರುವ ರೇ ಡಾಲ್ಬಿಯವರು, ೧೯೬೫ರಲ್ಲಿ ಲಂಡನ್ನಿನಲ್ಲಿ ತಮ್ಮ ಸಂಸ್ಥೆಯನ್ನು ಸ್ಥಾಪಿಸುವ ಮುನ್ನ ಎರಡು ವರ್ಷ ವಿಶ್ವಸಂಸ್ಥೆಯ ಸಲಹೆಗಾರರಾಗಿ ನಮ್ಮ ದೇಶದಲ್ಲಿಯೇ ಇದ್ದರೆಂದು ಮಿತ್ರರು ಹೇಳಿದಾಗ ನನಗೆ ಆ ಕರಿಯ ಪೆಟ್ಟಿಗೆಯ ಮೇಲೆ ಅಕಾರಣವಾದ ಬಂಧುಪ್ರೇಮ ಉಕ್ಕಿತು.

ಎರಡೇ ಸ್ಪೀಕರುಗಳಿದ್ದರೆ ನಡುವಿನ ಪಾಲು ಸಂಗೀತದಲ್ಲಿಯೂ ಸದ್ದುಗದ್ದಲದಲ್ಲಿಯೂ ಕಲಸಿಹೋಗುತ್ತದೆ. ಧ್ವನಿಯನ್ನು ಏರಿಸಿದರೆ ಎಲ್ಲವೂ ಏರುತ್ತದೆ. ನಡುವಣ ಸ್ಪೀಕರು ಬೇರೆಯಾಗಿದ್ದರೆ ಅದೊಂದನ್ನೇ ಮೂರು ನಾಲ್ಕು ಡೆಸಿಬಲ್ ಎತ್ತಬಹುದು. ಗುಡುಗು ಗುಡುಗಿನ ಜಾಗದಲ್ಲಿರುತ್ತದೆ, ಮಾತು ಮುಂದೆ ಬರುತ್ತದೆ. ಗಟ್ಟಿಯಾದುದನ್ನು ತಗ್ಗಿಸಿ ಪಿಸುಮಾತನ್ನು ಎತ್ತುವ, ರಾತ್ರಿಯ ವೇಳೆಗೆಂದು ಮಾಡಿದ ಏರ್ಪಾಡೂ ಬಹುಪಾಲು ರಿಸೀವರುಗಳಲ್ಲಿ ಇರುತ್ತದೆ. “ಹಿಂಬದಿಯ ಸ್ಪೀಕರುಗಳು ಕಾಯಬಲ್ಲವು. ಏಳು ಸಾಧಾರಣ ಸ್ಪೀಕರುಗಳಿಗಿಂತ ಮೂರು ಒಳ್ಳೆಯವು ಮೇಲು,” ಎಂದರು ಮಿತ್ರರು. ಯಾವ ಯಂತ್ರದಲ್ಲಿ ನಡುವಿನ ಹಾದಿಯೇ ಕೆಟ್ಟಿತ್ತೋ ಅದನ್ನು ಅಗ್ಗವೆಂದು ನಾನು ಕೊಳ್ಳಹೊರಟಿದ್ದೆ!

ಕೊನೆಗೆ ದೊರೆತ ಪೆಟ್ಟಿಗೆ ನಮ್ಮ ಮನೆಗೆ ಎರಡು ಮೈಲಿ ದೂರದ ಸರಸ್ವತಿಪುರಂನಲ್ಲಿಯೇ ಇತ್ತು. ಮಾರುವವರು ನಿವೃತ್ತರು, ಮನೆ ಖಾಲಿ ಮಾಡಿ ಮಗಳ ಊರಿಗೆ ಹೊರಟಿದ್ದರು. ಈ ಬಾರಿ ನಾನು ಆತುರಪಡಲಿಲ್ಲ. ಏಕೆ ಮಾರುತ್ತೀರಿ, ಎಷ್ಟು ವರ್ಷವಾಯಿತು, ಗಾಳಿಯಾಡುವ ಕಡೆ ಇಟ್ಟಿದ್ದಿರೋ ಮುಚ್ಚಿದ ಬೀರುವಿನಲ್ಲೋ, ಎಂದಾದರೂ ಬಿಚ್ಚಿಸಿದ್ದಿರೋ ಎಂದು ಕೇಳಿದೆ. ಈ ಯಂತ್ರಗಳಿಗೆ ಶಾಖವೇ ಮೊದಲ ಶತ್ರು. ಒಳಗಿನ ಕೆಪಾಸಿಟರುಗಳು ಬೆಂದು ಸೊರಗುತ್ತವೆ. ಅವರದು ತೆರೆದ ಮೇಜಿನ ಮೇಲಿತ್ತು. ತಿರುಪು ಮೊಳೆಗಳ ತಲೆ ಸವೆದಿರಲಿಲ್ಲ. ಯಾವ ಹಾಡೂ ಇಲ್ಲದೆ ಧ್ವನಿಯನ್ನು ಏರಿಸಿ, ಸ್ಪೀಕರಿಗೆ ಕಿವಿಯಿಟ್ಟು, ಗುಂಯ್ಗುಟ್ಟುವುದೇ ಎಂದು ನೋಡಿ ಮತ್ತೆ ತಗ್ಗಿಸಿದೆ. ಪರೀಕ್ಷೆಯ ನಾದವನ್ನು ಒಂದೊಂದು ಹಾದಿಗೂ ಕಳುಹಿಸಿದೆ; ನಡುವಿನದನ್ನು ಎರಡು ಸಾರಿ. ಹಿಂಬದಿಯ ಒಂದೊಂದು ಗೂಡಿಗೂ ತಂತಿ ಸಿಕ್ಕಿಸಿ ತೆಗೆದೆ. ಅರ್ಧ ಗಂಟೆ ಹಾಡಿಸಿ, ಬೆನ್ನು ಮುಟ್ಟಿ, ಕಮಟು ವಾಸನೆಯಿಲ್ಲವೆಂದು ಖಚಿತಮಾಡಿಕೊಂಡೆ. ರಿಮೋಟು ಇತ್ತು. ಕೋಣೆಯ ಗುಣವನ್ನು ಅಳೆದು ಧ್ವನಿಯನ್ನು ಹೊಂದಿಸುವ ಪುಟ್ಟ ಮೈಕು ಕೂಡ ಅದೇ ರಟ್ಟಿನ ಪೆಟ್ಟಿಗೆಯಲ್ಲಿ ಭದ್ರವಾಗಿತ್ತು. ಬಳಸಿದ ಯಂತ್ರದ ಜೊತೆಗೆ ಬಹುವೇಳೆ ಕಳೆದುಹೋಗಿರುವುದು ಇದೇ. ಬೇರೆ ಮಾದರಿಯ ಮೈಕನ್ನು ಸಿಕ್ಕಿಸಿದರೆ ಅಳತೆಯೇ ತಪ್ಪಾಗಬಹುದು. ಹದಿನಾಲ್ಕು ಸಾವಿರಕ್ಕೆ ವ್ಯಾಪಾರ ಮುಗಿಯಿತು. ಫೋನೋ ಗೂಡು ಇರಲಿಲ್ಲ. ರೆಕಾರ್ಡಿನ ಸಣ್ಣ ಧ್ವನಿಯನ್ನು ಹಿಗ್ಗಿಸುವ ಅಂಗೈಯಗಲದ ಒಂದು ಡಬ್ಬಿಯನ್ನು ಮುಂದೆ ಬೇರೆ ಕೊಂಡರಾಯಿತೆಂದು ಸಮಾಧಾನ ಮಾಡಿಕೊಂಡೆ.

ನನ್ನಲ್ಲಿದ್ದ ಎರಡು ಸ್ಪೀಕರುಗಳಿಗೆ ಹೊಂದುವ ನಡುವಣ ಸ್ಪೀಕರೊಂದು ಬಂದಿತು. ಅಳತೆಯ ಮೈಕನ್ನು ತಂದೆಯವರು ಕುಳಿತುಕೊಳ್ಳುವ ಕುರ್ಚಿಯ ತಲೆಯೆತ್ತರಕ್ಕೆ ನಿಲ್ಲಿಸಿ, ಮನೆಯಲ್ಲಿ ಯಾರೂ ಉಸಿರೆತ್ತಬಾರದೆಂದು ಆಜ್ಞಾಪಿಸಿದೆ. ಯಂತ್ರವು ‘ಪುಂಯ್ ಪುಂಯ್’ ಎನ್ನತೊಡಗಿದ ಕೂಡಲೆ ಅಡಿಗೆಮನೆಯ ಕುಕ್ಕರ್ ಕೂಗಿತು. ಎರಡನೆಯ ಪ್ರಯತ್ನಕ್ಕೆ ತರಕಾರಿಯವನು ಬಂದನು. ಮೂರನೆಯದು ರಾತ್ರಿ ಹತ್ತು ಗಂಟೆಗೆ ಸಿದ್ಧಿಸಿತು. ಅದು ಮಾಡಿದ ಲೆಕ್ಕದ ಮೇಲೆ ನಾನು ನಡುವಣ ಸ್ಪೀಕರನ್ನು ಮೂರು ಡೆಸಿಬಲ್ ಎತ್ತಿದೆ. ಶಾಸ್ತ್ರದ ಪ್ರಕಾರ ಅದು ತಪ್ಪೇ ಇರಬಹುದು. ನಮ್ಮ ಮನೆಯ ಪ್ರಕಾರ ಸರಿ.

ಆ ಭಾನುವಾರ ೧೯೮೫ರ ‘ಬೆಟ್ಟದ ಹೂವು’ ಚಿತ್ರವನ್ನು ಹಾಕಿದೆವು. ಅಂದಿನ ಬಹುಪಾಲು ಕನ್ನಡ ಚಿತ್ರಗಳಂತೆ ಒಂದೇ ಹಾದಿಯ ಧ್ವನಿ. ಎಡಬಲಗಳಿಗೆ ಸಮನಾಗಿ ಬರುವ ಧ್ವನಿಯನ್ನು ನಡುವಿಗೆ ತಿರುಗಿಸುವ ಏರ್ಪಾಡು ರಿಸೀವರಿನಲ್ಲಿ ಇರುವುದರಿಂದ, ಇಡೀ ಚಿತ್ರವು ಆ ನಡುವಣ ಸ್ಪೀಕರೊಂದರ ಬಾಯಿಂದಲೇ ಹೊರಟಿತು. ಹೆಲಿಕಾಪ್ಟರ್ ಇಲ್ಲ, ಬಾಂಬು ಇಲ್ಲ. ಕುವೆಂಪು ಅವರ ರಾಮಾಯಣದರ್ಶನವನ್ನು ಕೊಳ್ಳಲು ಕಾಸಿಗೆ ಕಾಸು ಕೂಡಿಡುವ ಬಡ ಹುಡುಗನ ಕಥೆ. ಕೂಡಿಟ್ಟ ಹಣದಿಂದ ಕೊನೆಗೆ ಅವನು ಕೊಳ್ಳುವುದು ಮನೆಯವರಿಗೆ ಕಂಬಳಿಯನ್ನು. ಹತ್ತು ನಿಮಿಷವಾಯಿತು, ನಾವು ಪರದೆಯನ್ನು ಬಿಟ್ಟು ಓರೆಗಣ್ಣಿನಿಂದ ತಂದೆಯವರ ಕುರ್ಚಿಯನ್ನು ನೋಡುತ್ತಿದ್ದೆವು. ಅವರು ಏಳಲಿಲ್ಲ. ಅರ್ಧ ಗಂಟೆಯಾಯಿತು. ಹುಡುಗನ ಒಂದು ಮಾತಿಗೆ ನಾವು ನಗುವ ಮೊದಲೇ ಅವರು ನಕ್ಕರು.

ಎಲ್ಲವೂ ಸರಿಹೋಯಿತೆಂದು ಹೇಳಲಾರೆ. ಹೊಸ ಚಿತ್ರಗಳಲ್ಲಿ ಗೊಣಗುವ ಪಾತ್ರಗಳ 마ತು ಈಗಲೂ ಅವರಿಗೆ ತಪ್ಪಿಹೋಗುತ್ತದೆ. ನಿಜ ಹೇಳಬೇಕೆಂದರೆ ನನಗೂ. ಬೆಳಗಿನ ಹೊತ್ತು ನಡುವಣ ಸ್ಪೀಕರಿಗೆ ವಿಶ್ರಾಂತಿ ಕೊಟ್ಟು, ಎರಡರಲ್ಲಿಯೇ ಮನಸೂರರನ್ನು ಹಾಡಿಸುತ್ತೇನೆ. ಬೆಂಗಳೂರಿನಲ್ಲಿ ಕೇಳಿದ ಆ ತಂಬೂರಿಯಷ್ಟು ಸೊಗಸಾಗಿ ಇದು ನುಡಿಯುವುದಿಲ್ಲ. ಆ ಕೊರತೆ ನನ್ನೊಬ್ಬನಿಗೆ ಮಾತ್ರ ಗೊತ್ತು.

ಕನ್ನಡದಲ್ಲಿ ‘ಕೇಳು’ ಎಂಬ ಒಂದೇ ಧಾತುವಿಗೆ ಕಿವಿಗೊಡುವುದೂ ಅರ್ಥ, ಪ್ರಶ್ನಿಸುವುದೂ ಅರ್ಥ. ಇದನ್ನು ನಾನು ತರಗತಿಯಲ್ಲಿ ಎಷ್ಟೋ ಸಾರಿ ಹೇಳಿದ್ದೇನೆ. ಮನೆಗೆ ಕೇಳುವ ಪೆಟ್ಟಿಗೆಯನ್ನು ತರುವ ಮೊದಲು ಮನೆಯವರನ್ನು ಕೇಳಬೇಕೆಂಬುದು ಮಾತ್ರ ತಡವಾಗಿ ತಿಳಿಯಿತು.

ಚಿತ್ರ ಮುಗಿದ ಆ ರಾತ್ರಿ ಮಗಳು ಸಪ್ಪಗೆ ಕುಳಿತಿದ್ದಳು. ತಾತನಿಗೆ ಎಲ್ಲವೂ ಕೇಳಿಸಿಬಿಟ್ಟಿತ್ತು. ಅವಳ ಭಾನುವಾರದ ಉದ್ಯೋಗ ಹೋಗಿತ್ತು. ನಾನು ದೀಪ ಆರಿಸಲು ಹೋದಾಗ ತಂದೆಯವರ ಕೋಣೆಯಿಂದ ಮಾತು ಬರುತ್ತಿತ್ತು. “ಕೊನೆಯಲ್ಲಿ ಆ ಹುಡುಗ ಏನಂದ ಮರಿ? ನನಗೆ ಸರಿಯಾಗಿ ತಿಳಿಯಲಿಲ್ಲ,” ಎನ್ನುತ್ತಿದ್ದರು. ಅವಳು ಹಾಸಿಗೆಯ ಮೇಲೆ ಕಾಲು ಮಡಚಿ ಕುಳಿತು, ಕೈಬಾಯಿ ತಿರುಗಿಸುತ್ತ, ಮೊದಲಿನಿಂದ ಹೇಳತೊಡಗಿದಳು. ಅವರಿಗೆ ಕೇಳಿಸಿತ್ತು. ಕೇಳಿಸಿದ್ದರೂ ಕೇಳಿದರು.